ಫ್ರಾನ್ಸಿಸ್ ಬುಕಾನನ್: ನಮ್ಮ ಸೀಮೆಯ ದಿನಚರಿ ಬರೆದ ವೈದ್ಯ

ಮದ್ದೂರನ್ನು ದಾಟಿ ಮಂಡ್ಯದ ಕಡೆಗೆ ಸಾಗುವ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಕಬ್ಬಿನ ಗದ್ದೆಗಳು. ನಡುನಡುವೆ ಬತ್ತದ ಬಯಲು, ತೆಂಗಿನ ಸಾಲು, ನಾಲೆಯ ಏರಿ, ಆಲೆಮನೆಯ ಹೊಗೆ. ಈ ದೃಶ್ಯವನ್ನು ಕಂಡವನು ಈ ನೆಲ ಎಂದೆಂದಿಗೂ ಹೀಗೆಯೇ ಇದ್ದಿರಬೇಕೆಂದು ಭಾವಿಸಿದರೆ ಅದು ಅವನ ತಪ್ಪಲ್ಲ. ಆದರೆ ಈ ಹಸುರಿನ ಬಹುಪಾಲಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅದರ ನೀರು ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯದ ಬಯಲಿಗೆ ಇಳಿದದ್ದು 1930ರ ದಶಕದಲ್ಲಿ. ಇರ್ವಿನ್ ನಾಲೆಯೆಂದು ಮೊದಲು ಕರೆಯಿಸಿಕೊಂಡು, ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಆ ನಾಲೆ ಬರುವುದಕ್ಕೆ ಮುನ್ನ, ಕಾವೇರಿಯ ಹಳೆಯ ಕಾಲುವೆಗಳ ಅಂಚನ್ನೂ ಕೆರೆಗಳ ಹಿಂದಿನ ಅಚ್ಚುಕಟ್ಟನ್ನೂ ಬಿಟ್ಟರೆ, ಇದು ಮಳೆಯನ್ನೇ ನಂಬಿದ ರಾಗಿಯ ಸೀಮೆಯಾಗಿತ್ತು.

ಆ ಹಿಂದಿನ ಸೀಮೆ ಹೇಗಿತ್ತು? ಶಾಸನಗಳು ದಾನವನ್ನು ಹೇಳುತ್ತವೆ. ವೀರಗಲ್ಲುಗಳು ಮಡಿದವರನ್ನು ಹೇಳುತ್ತವೆ. ಕಾವ್ಯಗಳು ಹದಿನೆಂಟು ವರ್ಣನೆಗಳಲ್ಲಿ ನಾಡನ್ನೂ ಸೇರಿಸಿ ಬಣ್ಣಿಸುತ್ತವೆ. ಆದರೆ ರೈತನು ಯಾವ ತಿಂಗಳಲ್ಲಿ ಉತ್ತ, ಎಷ್ಟು ಸಾಲು ಹಾಕಿದ, ಯಾವ ಬೀಜವನ್ನು ಯಾವುದರೊಡನೆ ಕೂಡಿಸಿ ಬಿತ್ತಿದ, ಕಣದಲ್ಲಿ ರಾಶಿ ಅಳೆಯುವಾಗ ಯಾರುಯಾರಿಗೆ ಎಷ್ಟೆಷ್ಟು ಕೊಟ್ಟ ಎಂಬುದನ್ನು ನಮ್ಮವರು ಬರೆದಿಡಲಿಲ್ಲ. ದಿನವೂ ಕಣ್ಣೆದುರಿಗೆ ನಡೆಯುವುದನ್ನು ಬರೆದಿಡಬೇಕೆಂದು ಯಾರಿಗೆ ತಾನೇ ತೋರೀತು? ಅದನ್ನು ಬರೆದವನು ಕನ್ನಡವನ್ನೇ ಅರಿಯದ ಒಬ್ಬ ಸ್ಕಾಟ್ಲೆಂಡಿನ ವೈದ್ಯ. ಅವನ ಹೆಸರು ಫ್ರಾನ್ಸಿಸ್ ಬುಕಾನನ್. ಇತಿಹಾಸದ ವಿದ್ಯಾರ್ಥಿಗಳು ಅವನ ಹೆಸರನ್ನು ಅಡಿಟಿಪ್ಪಣಿಗಳಲ್ಲಿ ಕಂಡಿರುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳು ಅವನ ದಿನಚರಿಯ ಪುಟಗಳನ್ನು ತೆರೆಯುವುದು ಕಡಿಮೆ. ತೆರೆದು ನೋಡಿದರೆ ಅಲ್ಲಿ ನಮ್ಮ ಅಜ್ಜಂದಿರ ಅಜ್ಜಂದಿರು ಹೊಲದಲ್ಲಿ ನಿಂತಿರುವುದು ಕಾಣುತ್ತದೆ.

ವೈದ್ಯನ ಬಾಲ್ಯ ಮತ್ತು ಶಿಕ್ಷಣ

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಷೈರ್ ಪ್ರಾಂತದ ಕ್ಯಾಲಂಡರ್ ಎಂಬ ಊರಿನ ಬಳಿ. ತಂದೆ ಥಾಮಸ್ ವೈದ್ಯ. ಲೆನಿ ಎಂಬ ಜಹಗೀರಿನ ಒಡೆತನವೂ ಮನೆತನಕ್ಕೆ ಸೇರಿತ್ತು. ಆದರೆ ಫ್ರಾನ್ಸಿಸ್ ಹಿರಿಯ ಮಗನಲ್ಲ. ಆ ದೇಶದ ಪದ್ಧತಿಯಂತೆ ಆಸ್ತಿ ಹಿರಿಯನಿಗೆ ಸಲ್ಲುವುದರಿಂದ ಕಿರಿಯರು ವಿದ್ಯೆಯನ್ನೋ ಕಡಲನ್ನೋ ನಂಬಬೇಕಾಗಿತ್ತು. ಫ್ರಾನ್ಸಿಸ್ ಎರಡನ್ನೂ ನಂಬಿದ.

ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ 1783ರಲ್ಲಿ ಪದವಿಯನ್ನು ಪಡೆದ. ಬಿಟ್ಟುಬಿಟ್ಟು ಬರುವ ಜ್ವರವನ್ನು ಕುರಿತು ಆತ ಪ್ರಬಂಧ ಬರೆದ. ಆದರೆ ಅವನ ಮನಸ್ಸನ್ನು ಸೆಳೆದದ್ದು ಸಸ್ಯಶಾಸ್ತ್ರ. ಅಲ್ಲಿನ ಆಚಾರ್ಯ ಜಾನ್ ಹೋಪ್ ಸ್ವೀಡನ್ನಿನ ಲಿನೇಯಸ್ ಮಹಾಶಯನ ವರ್ಗೀಕರಣ ಪದ್ಧತಿಯನ್ನು ಶಿಷ್ಯರಿಗೆ ಬೋಧಿಸುತ್ತಿದ್ದ. ಪ್ರತಿಯೊಂದು ಗಿಡವನ್ನೂ ಬೇರೊಂದರಿಂದ ಬೇರ್ಪಡಿಸಿ ನೋಡು, ಕಂಡಷ್ಟನ್ನೇ ಬರೆ, ಊಹೆಯನ್ನು ದೂರವಿಡು ಎಂಬುದು ಆ ಶಿಕ್ಷಣದ ಸಾರ. ಬುಕಾನನ್ ಮುಂದೆ ನಮ್ಮ ಹಳ್ಳಿಗಳನ್ನು ನೋಡಿದ್ದೂ ಇದೇ ಕಣ್ಣಿನಿಂದ. ಎಲೆ, ಹೂ, ಕೇಸರಗಳನ್ನು ಎಣಿಸುವವನು ನೇಗಿಲು, ಕುಂಟೆ, ಕೂರಿಗೆಗಳನ್ನು ಎಣಿಸಿದ. ಗಿಡದ ಜಾತಿಗಳನ್ನು ವಿಂಗಡಿಸುವವನು ಬತ್ತದ ತಳಿಗಳನ್ನು ವಿಂಗಡಿಸಿದ.

ಕೆಲವು ವರ್ಷ ಹಡಗುಗಳಲ್ಲಿ ವೈದ್ಯನಾಗಿ ಏಷ್ಯದ ಕಡಲುಗಳನ್ನು ಸುತ್ತಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯ ಸೇವೆಗೆ ಸೇರಿದ. ಮರುವರ್ಷವೇ ಕ್ಯಾಪ್ಟನ್ ಸೈಮ್ಸ್‌ನ ನಿಯೋಗದೊಡನೆ ಬರ್ಮಾದ ಆವಾ ರಾಜ್ಯಕ್ಕೆ ಹೋಗಿ ಬಂದ. 1798ರಲ್ಲಿ ಚಿತ್ತಗಾಂಗಿನ ಗುಡ್ಡಗಾಡನ್ನು ಸುತ್ತಿ ಅಲ್ಲಿಯ ಜನರನ್ನೂ ಬೇಸಾಯವನ್ನೂ ಕುರಿತು ಬರೆದ. ಬಂಗಾಳದ ಲಕ್ಷ್ಮೀಪುರದಲ್ಲಿ ವೈದ್ಯನಾಗಿದ್ದಾಗ ಬಿಡುವಿನಲ್ಲಿ ಮೀನುಗಳನ್ನು ಪರೀಕ್ಷಿಸುತ್ತಿದ್ದ. ಹೀಗೆ ಮೂವತ್ತೆಂಟನೆಯ ವಯಸ್ಸಿಗೆ ಬರುವ ವೇಳೆಗೆ, ಅಪರಿಚಿತ ನೆಲದಲ್ಲಿ ನಡೆಯುತ್ತಾ ನೋಡುತ್ತಾ ಬರೆಯುವ ಅಭ್ಯಾಸ ಅವನಲ್ಲಿ ಬೇರೂರಿತ್ತು.

ಗೆದ್ದವರ ಪ್ರಶ್ನೆಗಳು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಸುಲ್ತಾನನು ಕೋಟೆಯೊಳಗೇ ಮಡಿದ. ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನನಾದ, ಕರ್ನಲ್ ಬ್ಯಾರಿ ಕ್ಲೋಸ್ ರೆಸಿಡೆಂಟನಾದ. ಗೆದ್ದ ಕಂಪನಿಗೆ ಈ ನಾಡಿನ ವಿಸ್ತಾರ ತಿಳಿದಿತ್ತು, ಬೆಲೆ ತಿಳಿದಿರಲಿಲ್ಲ. ನೆಲವನ್ನು ಅಳೆದು ನಕ್ಷೆ ಬರೆಯುವ ಕೆಲಸಕ್ಕೆ ಕಾಲಿನ್ ಮೆಕೆಂಜಿ ನಿಯುಕ್ತನಾದ. ಆತನ ಸಹಾಯಕರು ನಕ್ಷೆಯ ಜೊತೆಗೆ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕಲೆಹಾಕಿದರು. ನೆಲ ಏನನ್ನು ಬೆಳೆಯುತ್ತದೆ, ಜನ ಏನನ್ನು ಮಾಡುತ್ತಾರೆ ಎಂಬುದನ್ನು ತಿಳಿಯುವ ಕೆಲಸವನ್ನು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರ ಫೆಬ್ರವರಿಯಲ್ಲಿ ಬುಕಾನನ್ನನಿಗೆ ಒಪ್ಪಿಸಿದ. ಬೇಸಾಯಕ್ಕೆ ಮೊದಲ ಸ್ಥಾನ. ಆಮೇಲೆ ದನಕರು, ಹಿಡುವಳಿ, ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿ, ಕೈಕಸುಬು, ಹವಾಮಾನ, ಜನರ ಸ್ಥಿತಿ. ಪ್ರಶ್ನೆಗಳ ಪಟ್ಟಿ ಉದ್ದವಾಗಿತ್ತು.

ಈ ಪ್ರಶ್ನೆಗಳ ಹಿಂದಿನ ಉದ್ದೇಶವನ್ನು ಮರೆಯುವಂತಿಲ್ಲ. ಕೇಳಿದವರು ವ್ಯಾಪಾರಿಗಳು, ಕೇಳಿದ್ದು ಲಾಭಕ್ಕಾಗಿ. ಅದೇ ಸಮಯದಲ್ಲಿ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ನಮ್ಮ ಒಕ್ಕಲಿಗನನ್ನು ನಿಲ್ಲಿಸಿ, ಅವನ ಬೇಸಾಯವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಅದನ್ನು ಇಷ್ಟು ವಿವರವಾಗಿ ಬರೆದುಕೊಂಡವನು ಈ ನಾಡಿನಲ್ಲಿ ಅವನಿಗೆ ಮೊದಲು ಕಾಣಸಿಗುವುದಿಲ್ಲ.

1800ರ ಏಪ್ರಿಲ್ 23ರಂದು ಬುಕಾನನ್ ಮದರಾಸನ್ನು ಬಿಟ್ಟ. ಘಟ್ಟವನ್ನು ಹತ್ತಿ ಮೇ 10ರಂದು ಬೆಂಗಳೂರನ್ನು ಸೇರಿದ. ಅಲ್ಲಿಂದ ಕೆಂಗೇರಿ, ಬಿಡದಿ, ರಾಮಗಿರಿ, ಚನ್ನಪಟ್ಟಣಗಳ ಹಾದಿ. ಚನ್ನಪಟ್ಟಣದಲ್ಲಿ ಗಾಜಿನ ಬಳೆಗಳ ಕುಲುಮೆಯನ್ನೂ ವೀಣೆಯಂಥ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುವವರನ್ನೂ ಕಂಡು ಬರೆದ. ಆಮೇಲೆ ಶಿಂಷಾ ನದಿ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಪ್ರತಿ ದಿನದ ಬರಹಕ್ಕೂ ತಲೆಯಲ್ಲಿ ತಾರೀಖು. ಆಮೇಲೆ ಅಂದು ನಡೆದ ಹರದಾರಿಗಳ ಲೆಕ್ಕ. ಆಮೇಲೆ ದಾರಿಯ ಎಡಬಲದ ನೆಲ. ಆಮೇಲೆ ಬಿಡಾರದ ಊರು. ಕೊನೆಗೆ ಆ ಊರಿನವರಿಂದ ಕೇಳಿ ತಿಳಿದದ್ದು. ಈ ಕ್ರಮ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ

ನಮ್ಮ ಸೀಮೆಯನ್ನು ಬುಕಾನನ್ ಹಾಯ್ದದ್ದು ಮೇ ತಿಂಗಳಿನಲ್ಲಿ. ಮುಂಗಾರಿಗೆ ಮುಂಚಿನ ಮಳೆಗಳು ಬಿದ್ದು ನೆಲ ಹದಕ್ಕೆ ಬರುವ ಕಾಲ ಅದು. ಮಂಡ್ಯ ಆಗ ಮಣ್ಣಿನ ಕೋಟೆಯ ಒಂದು ಸಣ್ಣ ಊರು. ದಿನಚರಿಯಲ್ಲಿ ಅದರ ಹೆಸರು ಮುಂಡಿಯಂ ಎಂದಾಗಿದೆ. ಇಂದು ಜಿಲ್ಲೆಯ ಮುಖ್ಯ ಪಟ್ಟಣವಾಗಿರುವ ಊರಿನ ಬಗ್ಗೆ ಅವನು ಹೇಳುವುದು ಬಹಳ ಸ್ವಲ್ಪ. ಹೇಳಲು ಹೆಚ್ಚೇನೂ ಇರಲಿಲ್ಲವೆಂಬುದೇ ಅದರ ಅರ್ಥ. ಈ ದಾರಿ ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಣ ಹೆದ್ದಾರಿ. 1791 ಮತ್ತು 1792ರಲ್ಲಿ ಕಾರ್ನ್‌ವಾಲಿಸನ ಯುದ್ಧ, 1799ರಲ್ಲಿ ಮತ್ತೆ ಯುದ್ಧ. ಸೈನ್ಯ ಹಾದುಹೋದ ಹಾದಿಯಲ್ಲಿ ಹುಲ್ಲಿನ ಬಣವೆ ಉಳಿಯುವುದಿಲ್ಲ, ಎತ್ತು ಉಳಿಯುವುದಿಲ್ಲ, ಬೀಜದ ರಾಗಿಯೂ ಉಳಿಯುವುದಿಲ್ಲ. ಪಾಳುಬಿದ್ದ ಮನೆಗಳು, ಬೀಳುಬಿದ್ದ ಹೊಲಗಳು, ಹೊಟ್ಟೆಗಿಲ್ಲದೆ ಚದುರಿ ಹೋದ ಜನ, ಇವು ಅವನ ಪುಟಗಳಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುತ್ತವೆ. ಕಾರಣವನ್ನು ಹೇಳುವಾಗ ಮಾತ್ರ ಅವನ ಲೇಖನಿ ಬಹುಮಟ್ಟಿಗೆ ಟಿಪ್ಪುವಿನ ಕಡೆಗೇ ತಿರುಗುತ್ತದೆ.

ಶ್ರೀರಂಗಪಟ್ಟಣದ ಸುತ್ತ ಅವನು ಹೆಚ್ಚು ದಿನ ನಿಂತ. ಪೂರ್ಣಯ್ಯನ ಅಪ್ಪಣೆಯಿಂದ ಅಮಲ್ದಾರರ ಸಹಾಯ ದೊರೆಯಿತು. ಗೌಡ, ಶಾನುಭೋಗ, ಒಕ್ಕಲಿಗರನ್ನು ಕರೆಸಿ ದುಭಾಷಿಗಳ ಮೂಲಕ ಕೇಳಿದ. ಇಲ್ಲಿಯೇ ಅವನ ದಿನಚರಿ ನಮ್ಮ ಪಾಲಿಗೆ ಭಂಡಾರವಾಗುವುದು.

ಅವನು ವರ್ಷವನ್ನು ಹೈನು ಮತ್ತು ಕಾರು ಎಂದು ರೈತರು ಹೇಳಿದಂತೆಯೇ ಎರಡಾಗಿ ಹಂಚುತ್ತಾನೆ. ಬತ್ತವನ್ನು ಬೆಳೆಯುವ ಕ್ರಮಗಳು ಮೂರೆಂದು ಬರೆಯುತ್ತಾನೆ. ಒಣಬೀಜವನ್ನೇ ಬಿತ್ತುವುದು ಬರಬತ್ತ. ನೆನೆಸಿ ಮೊಳಕೆ ಬರಿಸಿ ಕೆಸರಿನಲ್ಲಿ ಎರಚುವುದು ಮೊಳೆಬತ್ತ. ಸಸಿಮಡಿಯಲ್ಲಿ ಬೆಳೆಸಿ ಕಿತ್ತು ನೆಡುವುದು ನಾಟಿ. ಪ್ರತಿಯೊಂದಕ್ಕೂ ಯಾವ ತಿಂಗಳಲ್ಲಿ ಎಷ್ಟು ಉಳುಮೆ, ಯಾವ ಗೊಬ್ಬರ, ನೀರು ನಿಲ್ಲಿಸುವುದು ಎಷ್ಟು ದಿನ, ಕಳೆ ತೆಗೆಯುವುದು ಎಷ್ಟು ಸಲ, ಬೀಜ ಎಷ್ಟು, ಫಲ ಎಷ್ಟು ಎಂಬುದು ಬೇರೆಬೇರೆಯಾಗಿ ಬರುತ್ತದೆ. ಇಂದು ನಮ್ಮ ಸೀಮೆಯಲ್ಲಿ ಬತ್ತವೆಂದರೆ ನಾಟಿ ಎಂಬಷ್ಟರ ಮಟ್ಟಿಗೆ ಒಂದೇ ಕ್ರಮ ಬಳಕೆಯಲ್ಲಿದೆ. ಈ ಲೇಖಕನು ತರಗತಿಯಲ್ಲಿ ಮೊಳೆಬತ್ತ ಎಂಬ ಮಾತನ್ನು ಹಲಗೆಯ ಮೇಲೆ ಬರೆದಾಗ, ರೈತರ ಮಕ್ಕಳೇ ತುಂಬಿದ್ದ ಆ ಕೊಠಡಿಯಲ್ಲಿ ಅದರ ಅರ್ಥ ಒಬ್ಬರಿಗೂ ತಿಳಿಯಲಿಲ್ಲ. ಮರುದಿನ ಒಬ್ಬ ವಿದ್ಯಾರ್ಥಿನಿ ಮನೆಯ ಅಜ್ಜಿಯನ್ನು ಕೇಳಿಕೊಂಡು ಬಂದು ಅದನ್ನು ಎಲ್ಲರಿಗೂ ವಿವರಿಸಿದಳು. ಆ ಅಜ್ಜಿ ಹೇಳಿದ್ದಕ್ಕೂ ಬುಕಾನನ್ ಬರೆದದ್ದಕ್ಕೂ ವ್ಯತ್ಯಾಸವಿರಲಿಲ್ಲ.

ಕಬ್ಬಿನ ವಿಚಾರವೂ ಹಾಗೆಯೇ. ಸಕ್ಕರೆಯ ನಾಡೆಂದು ಹೆಸರಾದ ಮಂಡ್ಯದಲ್ಲಿ ಕಾರ್ಖಾನೆ ಸ್ಥಾಪನೆಯಾದದ್ದು 1933ರಲ್ಲಿ. ಅದಕ್ಕೆ ನೂರಮೂವತ್ತು ವರ್ಷಗಳಿಗೂ ಮುಂಚೆಯೇ ಕಾವೇರಿಯ ಕಾಲುವೆಗಳ ಕೆಳಗೆ ರಸದಾಳಿ, ಪಟ್ಟಾಪಟ್ಟಿ ಎಂಬ ತಳಿಗಳು ಬೆಳೆಯುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ.  ಯಾವ ಕಬ್ಬಿನಿಂದ ಬೆಲ್ಲ ಚೆನ್ನಾಗಿ ಬರುತ್ತದೆ, ಯಾವುದನ್ನು ಯಾವ ತಿಂಗಳಲ್ಲಿ ನೆಡಬೇಕು ಎಂಬುದನ್ನು ರೈತರಿಂದಲೇ ಕೇಳಿ ಬರೆದುಕೊಂಡ. ಇಂದು ವಿ.ಸಿ. ಫಾರಂನ ಸಂಶೋಧಕರು ಹೊಸ ತಳಿಗಳನ್ನು ಸಂಖ್ಯೆಗಳಿಂದ ಗುರುತಿಸುತ್ತಾರೆ. ಅಂದು ರೈತ ಬಣ್ಣದಿಂದ, ರಸದಿಂದ, ತೊಗಟೆಯ ಪಟ್ಟೆಯಿಂದ ಗುರುತಿಸುತ್ತಿದ್ದ.

ಆದರೆ ಈ ಸೀಮೆಯ ನಿಜವಾದ ಒಡತಿ ರಾಗಿ. ಬುಕಾನನ್ ರಾಗಿಗೆ ಕೊಟ್ಟಷ್ಟು ಗೌರವವನ್ನು ನಮ್ಮ ಹಳೆಯ ಗ್ರಂಥಕರ್ತರಲ್ಲಿ ಕೊಟ್ಟವರು ವಿರಳ. ಕರಿಯದು, ಕೆಂಪನೆಯದು ಎಂದು ಅದರ ಬಗೆಗಳನ್ನು ಗುರುತಿಸಿದ. ಕೂರಿಗೆಯಿಂದ ಬಿತ್ತಿದ ರಾಗಿಯ ನಡುವೆ ಅವರೆ, ತೊಗರಿಗಳ ಸಾಲುಗಳನ್ನು ಹಾಕುವುದನ್ನು ಕಂಡ. ನಾವು ಅಕ್ಕಡಿ ಎನ್ನುವುದು ಇದನ್ನೇ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆಯೋ ತೊಗರಿಯೋ ಕೈಹಿಡಿಯುತ್ತದೆಂಬ ಈ ನೆಲದ ಎಚ್ಚರಿಕೆ ಆ ಸಾಲುಗಳಲ್ಲಿ ಅಡಗಿದೆ. ರಾಗಿಯನ್ನು ಹಗೇವುಗಳಲ್ಲಿ ತುಂಬಿ ಬಾಯಿಮುಚ್ಚಿ ವರ್ಷಗಟ್ಟಲೆ ಕಾಪಾಡುವುದನ್ನೂ ಅವನು ಬರೆದ. ಸೈನ್ಯಗಳೂ ಬರಗಾಲಗಳೂ ಬಂದುಹೋಗುವ ನಾಡಿನಲ್ಲಿ ನೆಲದೊಳಗೆ ಹುದುಗಿಸಿಟ್ಟ ಧಾನ್ಯವೇ ಮನೆಯ ಜೀವ. ನೇಗಿಲು, ಕುಂಟೆ, ಕೂರಿಗೆ ಮೊದಲಾದ ಉಪಕರಣಗಳ ಚಿತ್ರಗಳನ್ನು ಬರೆಯಿಸಿ ಪುಸ್ತಕದಲ್ಲಿ ಸೇರಿಸಿದ. ಇಂದು ಅವುಗಳಲ್ಲಿ ಕೆಲವನ್ನು ನೋಡಬೇಕಾದರೆ ಜಾನಪದ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು.

ಕಣದ ರಾಶಿಯನ್ನು ಹಂಚುವ ಕ್ರಮವನ್ನು ಅವನು ಬರೆದಿರುವ ರೀತಿ ಇನ್ನೂ ಗಮನಾರ್ಹವಾದುದು. ಬೆಂಗಳೂರು, ಶ್ರೀರಂಗಪಟ್ಟಣಗಳ ಸೀಮೆಯಲ್ಲಿ ರಾಶಿ ಮನೆಗೆ ಬರುವ ಮುನ್ನ ಅದರಿಂದ ದೇವರಿಗೆ, ಪೂಜಾರಿಗೆ, ಪಂಚಾಂಗದವನಿಗೆ, ಕಮ್ಮಾರನಿಗೆ, ಬಡಗಿಗೆ, ಅಗಸನಿಗೆ, ಕ್ಷೌರಿಕನಿಗೆ, ಕುಂಬಾರನಿಗೆ, ತಳವಾರನಿಗೆ, ನೀರಗಂಟಿಗೆ, ಗೌಡ ಶಾನುಭೋಗರಿಗೆ ಸಲ್ಲಬೇಕಾದ ಪಾಲು ಹೋಗುತ್ತಿತ್ತು. ಉಳಿದದ್ದರಲ್ಲಿ ಸರ್ಕಾರಕ್ಕೂ ರೈತನಿಗೂ ಭಾಗ. ಸೇರು, ಕೊಳಗ, ಕಂಡಗಗಳ ಲೆಕ್ಕದಲ್ಲಿ ಇದನ್ನೆಲ್ಲ ಅವನು ಅಳೆದ. ಊರಿಂದೂರಿಗೆ ಅಳತೆ ಬದಲಾಗುವುದನ್ನು ಕಂಡು ಬೇಸತ್ತ. ಆದರೂ ಬಿಡದೆ ಆಯಾ ಊರಿನ ಕೊಳಗವನ್ನು ಆಯಾ ಊರಿನದೆಂದೇ ಬರೆದ. ಒಂದು ಹಳ್ಳಿ ಹೇಗೆ ಹಳ್ಳಿಯಾಗಿ ನಿಂತಿತ್ತೆಂಬುದನ್ನು ಈ ಒಂದು ಪಟ್ಟಿ ಹೇಳುವಷ್ಟು ಸ್ಪಷ್ಟವಾಗಿ ದೊಡ್ಡ ಪ್ರಬಂಧಗಳೂ ಹೇಳಲಾರವು. ಅದರಲ್ಲಿ ಸಹಕಾರವೂ ಉಂಟು, ಯಾರು ಎಲ್ಲಿ ನಿಲ್ಲಬೇಕೆಂಬ ಕಟ್ಟೂ ಉಂಟು. ಅವನು ಎರಡನ್ನೂ ಮರೆಮಾಚಲಿಲ್ಲ.

ಮಳವಳ್ಳಿಯ ಹಾದಿ

ಅದೇ ವರ್ಷ ಬುಕಾನನ್ ನಮ್ಮ ಜಿಲ್ಲೆಯ ಬೇರೆ ಮೂಲೆಗಳನ್ನೂ ನೋಡಿದ. ಉತ್ತರದಿಂದ ಇಳಿದು ಬರುವಾಗ ನಾಗಮಂಗಲ, ಮೇಲುಕೋಟೆ, ತೊಣ್ಣೂರು. ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರ ಕಥೆಯನ್ನೂ ವಿಷ್ಣುವರ್ಧನನ ಕಥೆಯನ್ನೂ ಕೇಳಿ ಬರೆದುಕೊಂಡ. ಪುರಾಣದ ಕಾಲಗಣನೆಯನ್ನು ಮಾತ್ರ ನಂಬಲಿಲ್ಲ. ಆಮೇಲೆ ಕಾವೇರಿಯ ದಕ್ಷಿಣದ ಸೀಮೆಯನ್ನು ಸುತ್ತಿ ಕಿರುಗಾವಲು, ಮಳವಳ್ಳಿ, ಹಲಗೂರುಗಳ ಮಾರ್ಗವಾಗಿ ಪೂರ್ವಕ್ಕೆ ನಡೆದ.

ಮಳವಳ್ಳಿ ಹೈದರನ ಕಾಲದಲ್ಲಿ ಟಿಪ್ಪುವಿಗೆ ಜಹಗೀರಾಗಿ ಬಂದ ಊರು. 1799ರ ಮಾರ್ಚ್ 27ರಂದು ಅದರ ಬಳಿಯ ಬಯಲಿನಲ್ಲಿಯೇ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಕಾಳಗ ನಡೆದಿತ್ತು. ಬುಕಾನನ್ ಅಲ್ಲಿಗೆ ಬಂದದ್ದು ಅದರ ಮರುವರ್ಷ. ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಆ ಊರಿನ ಕೆರೆಯ ಬಳಿಯಲ್ಲಿ ಸುಲ್ತಾನನು ಎಬ್ಬಿಸಿದ ಹಣ್ಣಿನ ತೋಟವನ್ನು ಅವನು ಕಂಡ. ಸುಲ್ತಾನನ ಮೇಲೆ ಅವನಿಗಿದ್ದ ಅಪ್ರಿಯತೆ ಆ ಮರಗಳನ್ನು ನೋಡದಂತೆ ತಡೆಯಲಿಲ್ಲ. ಅವನ ಗುಣದೋಷಗಳೆರಡೂ ಒಂದೇ ಪುಟದಲ್ಲಿ ಕೂಡಿ ಬರುವ ರೀತಿ ಇದು. ದೊರೆಯ ವಿಚಾರ ಬಂದಾಗ ಅವನು ಕಂಪನಿಯ ನೌಕರ. ಮರದ ವಿಚಾರ ಬಂದಾಗ ಜಾನ್ ಹೋಪನ ಶಿಷ್ಯ. ಮುಂದೆ ಶಿವನಸಮುದ್ರಕ್ಕೂ ಹೋಗಿ, ಕಾವೇರಿ ಎರಡಾಗಿ ಒಡೆದು ಧುಮುಕುವ ಜಾಗಗಳನ್ನು ವರ್ಣಿಸಿದ. ಆ ದ್ವೀಪದಲ್ಲಿ ಆಳಿ ಅಳಿದ ಗಂಗರಾಜನ ಕಥೆಯನ್ನು ಊರಿನವರ ಬಾಯಿಂದ ಕೇಳಿ ಬರೆದ. ಅದೇ ನೀರಿನಿಂದ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅವನ ಕನಸಿಗೂ ನಿಲುಕದ ಸಂಗತಿ.

ಅಲ್ಲಿಂದ ಘಟ್ಟವಿಳಿದು ಕೊಯಮತ್ತೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ದಾಟಿ, ಮತ್ತೆ ಮೇಲೇರಿ ಬಿದನೂರಿನ ಸೀಮೆಯನ್ನು ನೋಡಿ, 1801ರ ಜುಲೈಯಲ್ಲಿ ಬುಕಾನನ್ ಮದರಾಸನ್ನು ಮುಟ್ಟಿದ.

ತಿದ್ದದೆ ಅಚ್ಚಾದ ಪುಸ್ತಕ

ಈ ಪ್ರಯಾಣದ ದಿನಚರಿ ಲಂಡನ್ನಿಗೆ ಹೋಯಿತು. ಅದನ್ನು ಇದ್ದಕ್ಕಿದ್ದಂತೆ ಪ್ರಕಟಿಸಬೇಕೆಂಬುದು ಬುಕಾನನ್ನನ ಇಚ್ಛೆಯಾಗಿರಲಿಲ್ಲ. ದಿನದಿನದ ಬರಹವನ್ನು ಮುರಿದು, ಪುನರುಕ್ತಿಗಳನ್ನು ಕಳೆದು, ವಿಷಯಕ್ಕೆ ತಕ್ಕಂತೆ ಮರುಜೋಡಿಸಿ ಒಂದು ಅಚ್ಚುಕಟ್ಟಾದ ಗ್ರಂಥವನ್ನು ಮಾಡಬೇಕೆಂದು ಅವನು ಬಯಸಿದ್ದ. 1805ರಲ್ಲಿ ವೆಲ್ಲೆಸ್ಲಿಯ ಜೊತೆಯಲ್ಲಿ ಸ್ವದೇಶಕ್ಕೆ ಹೊರಟು ಅಲ್ಲಿಗೆ ತಲಪುವ ವೇಳೆಗೆ ಅಚ್ಚಿನ ಕೆಲಸ ಆರಂಭವಾಗಿಬಿಟ್ಟಿತ್ತು. ತಿದ್ದುವ ಅವಕಾಶ ದೊರೆಯಲಿಲ್ಲ. 1807ರಲ್ಲಿ ಮೂರು ಸಂಪುಟಗಳು ಹೊರಬಂದವು. ಓದಿದವರಲ್ಲಿ ಹಲವರು ಬೇಸರಪಟ್ಟರು. ಒಂದೇ ಬಗೆಯ ವಿವರ ಊರೂರಿಗೂ ಮರಳಿ ಬರುತ್ತದೆ. ಹೆಸರುಗಳ ಕಾಗುಣಿತ ಕಂಗೆಡಿಸುತ್ತದೆ. ಸಾರಾಂಶ ಎಲ್ಲಿಯೂ ಇಲ್ಲ.

ಇಂದು ನಾವು ಆ ಪುನರುಕ್ತಿಗಾಗಿಯೇ ಕೃತಜ್ಞರಾಗಿರಬೇಕಾಗಿದೆ. ಅಚ್ಚುಕಟ್ಟಾದ ಗ್ರಂಥದಲ್ಲಿ ಮೈಸೂರು ಸಂಸ್ಥಾನದ ರಾಗಿ ಬೇಸಾಯ ಎಂಬ ಒಂದು ಅಧ್ಯಾಯ ಇರುತ್ತಿತ್ತು. ಊರೂರಿನ ರಾಗಿ ಇರುತ್ತಿರಲಿಲ್ಲ. ಕೊಳಗಗಳೆಲ್ಲ ಒಂದೇ ಅಳತೆಗೆ ಇಳಿಯುತ್ತಿದ್ದವು. ಮೊಳೆಬತ್ತ, ಹೈನು, ಕಾರು ಎಂಬ ಮಾತುಗಳ ಜಾಗದಲ್ಲಿ ಅವುಗಳ ಆಂಗ್ಲ ಅನುವಾದ ಮಾತ್ರ ನಿಲ್ಲುತ್ತಿತ್ತು. ರೈತನು ಹೇಳಿದ ಮಾತು ರಾತ್ರಿ ಕಾಗದಕ್ಕೆ ಇಳಿದು, ಅಲ್ಲಿಂದ ನೇರವಾಗಿ ಅಚ್ಚಿಗೆ ಹೋದದ್ದರಿಂದಲೇ ಅದರ ಕನ್ನಡ ಉಳಿದುಕೊಂಡಿತು. ಆ ರೋಮನ್ ಅಕ್ಷರಗಳನ್ನು ಗಟ್ಟಿಯಾಗಿ ಓದಿದರೆ, ಸ್ಕಾಟ್ಲೆಂಡಿನವನ ಕಿವಿಯನ್ನು ದಾಟಿ ಬಂದ ಮಂಡ್ಯದ ಒಕ್ಕಲಿಗನ ನುಡಿ ಕೇಳಿಸುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಅವನ ಬಾಳಿನಲ್ಲಿಯೇ ನಿದರ್ಶನವಿದೆ. 1802ರಲ್ಲಿ ನೇಪಾಳಕ್ಕೆ ಹೋಗಿ, ಆಮೇಲೆ ಬಾರಕ್‌ಪುರದಲ್ಲಿ ವೆಲ್ಲೆಸ್ಲಿಯ ಪ್ರಾಣಿಸಂಗ್ರಹಾಲಯವನ್ನು ನೋಡಿಕೊಂಡು, 1807ರಿಂದ 1814ರವರೆಗೆ ಅವನು ಬಂಗಾಳ ಮತ್ತು ಬಿಹಾರಗಳ ಜಿಲ್ಲೆಗಳನ್ನು ಸಮೀಕ್ಷೆ ಮಾಡಿದ. ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲಪುರ, ಪಾಟ್ನಾ, ಶಹಾಬಾದ್, ಗೋರಖಪುರ ಹೀಗೆ ಏಳು ವರ್ಷಗಳ ಶ್ರಮ. ಆ ಹಸ್ತಪ್ರತಿಗಳು ಅವನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. 1838ರಲ್ಲಿ ಮಾಂಟ್‌ಗೊಮರಿ ಮಾರ್ಟಿನ್ ಎಂಬಾತ ಅವುಗಳನ್ನು ಕತ್ತರಿಸಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ಮುಖಪುಟದಲ್ಲಿ ಬುಕಾನನ್ನನ ಹೆಸರೇ ಇರಲಿಲ್ಲ. ಕೈಬಿಟ್ಟ ಭಾಗಗಳನ್ನೂ ಅವನ ಸ್ವಂತ ದಿನಚರಿಗಳನ್ನೂ ಹುಡುಕಿ ಪ್ರಕಟಿಸಲು ಬಿಹಾರದ ವಿದ್ವಾಂಸರು 1920ರ ದಶಕದವರೆಗೆ ಕಾಯಬೇಕಾಯಿತು. ಬಿಹಾರದ ರೈತರಿಗೆ ಒದಗಿದ ಆ ವಿಳಂಬ ನಮ್ಮ ರೈತರಿಗೆ ಒದಗಲಿಲ್ಲ.

ಕೊನೆಯ ದಿನಗಳು

1814ರಲ್ಲಿ ವಿಲಿಯಂ ರಾಕ್ಸ್‌ಬರೋನ ತರುವಾಯ ಬುಕಾನನ್ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಧಿಕಾರಿಯಾದ. ದೇಹಸ್ಥಿತಿ ಕೆಟ್ಟಿತ್ತು. ಮರುವರ್ಷವೇ ಭಾರತವನ್ನು ಬಿಟ್ಟ. ಹೊರಡುವಾಗ ವರ್ಷಗಳ ಶ್ರಮದಿಂದ ಬರೆಯಿಸಿದ ಚಿತ್ರಗಳನ್ನು ಕೊಂಡೊಯ್ಯಲು ಆಗಿನ ಗವರ್ನರ್ ಜನರಲ್ ಬಿಡಲಿಲ್ಲ. ಅವು ಕಂಪನಿಯ ಸ್ವತ್ತೆಂದು ಅಲ್ಲಿಯೇ ಉಳಿದವು. ಪರರ ನಾಡಿನ ಬೆಲೆಯನ್ನು ಕಂಪನಿಗಾಗಿ ಕಟ್ಟಿಕೊಟ್ಟವನ ದುಡಿಮೆಯ ಫಲವನ್ನು ಕಂಪನಿ ಅವನಿಂದಲೂ ಕಸಿದುಕೊಂಡಿತು.

ಸ್ವದೇಶದಲ್ಲಿ ಕಾಲಕ್ರಮದಲ್ಲಿ ಲೆನಿಯ ಆಸ್ತಿ ಕೈಗೆ ಬಂದಿತು. ತಾಯಿಯ ಕಡೆಯ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಧರಿಸಿದ. 1819ರಲ್ಲಿ ನೇಪಾಳವನ್ನು ಕುರಿತ ಗ್ರಂಥ, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥ ಹೊರಬಂದವು. ಇಂದು ನಮ್ಮ ಕೆರೆಗಳಲ್ಲಿ ಬಿಟ್ಟು ಬೆಳೆಸುವ ಕಾಟ್ಲಾ, ರೋಹು ಮೀನುಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದವನು ಅವನೇ. ವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರುಗಳ ಪಕ್ಕದಲ್ಲಿ ಹ್ಯಾಮಿಲ್ಟನ್ ಎಂಬ ಹೆಸರು ಈಗಲೂ ನಿಂತಿದೆ. ಚಾರೋಳಿಯ ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಬುಕಾನನಿಯಾ ಎಂದು ಹೆಸರಿಟ್ಟಿದ್ದಾರೆ. 1829ರ ಜೂನ್ 15ರಂದು ಆತ ತೀರಿಕೊಂಡ.

ಬುಕಾನನ್ನನನ್ನು ಹೇಗೆ ತೂಗಬೇಕು? ಅವನು ನಿಷ್ಪಕ್ಷಪಾತಿಯಲ್ಲ. ಟಿಪ್ಪುವಿನ ವಿಚಾರದಲ್ಲಿಯೂ ನಮ್ಮ ದೇವರು, ಆಚಾರ, ಜಾತಿಗಳ ವಿಚಾರದಲ್ಲಿಯೂ ಅವನ ಮಾತು ಹಲವೆಡೆ ಒರಟು, ಕೆಲವೆಡೆ ಅನ್ಯಾಯ. ಅವನ ಅಂಕಿಗಳನ್ನು ಕುರಿತು ಈಚಿನ ವಿದ್ವಾಂಸರು ಸಂದೇಹಪಟ್ಟಿದ್ದಾರೆ. ಸಂದೇಹಕ್ಕೆ ಕಾರಣವೂ ಇದೆ. ಕಂದಾಯದವರ ಜೊತೆಯಲ್ಲಿ ಬಂದ ಬಿಳಿಯ ಸಾಹೇಬನಿಗೆ ಯಾವ ರೈತ ತಾನೇ ತನ್ನ ಕಣದ ಪೂರ್ತಿ ಲೆಕ್ಕವನ್ನು ಒಪ್ಪಿಸಿಯಾನು? ಇದು ಬುಕಾನನ್ನನಿಗೂ ತಿಳಿದಿತ್ತು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನಿಂದ ಒರೆಹಚ್ಚಲು ಅವನು ಯತ್ನಿಸಿದ. ಇಳುವರಿಯ ಅಂಕಿಯಲ್ಲಿ ರೈತ ಸುಳ್ಳು 

ಹೇಳಿರಬಹುದು. ಆದರೆ ಅಕ್ಕಡಿಯ ಸಾಲಿನ ವಿಚಾರದಲ್ಲಿ, ಮೊಳಕೆ ಬರಿಸುವ ಬಗೆಯ ವಿಚಾರದಲ್ಲಿ ಸುಳ್ಳು ಹೇಳಿ ಅವನಿಗೆ ಆಗಬೇಕಾದದ್ದೇನೂ ಇರಲಿಲ್ಲ. ತಾನು ಬಲ್ಲದ್ದನ್ನು ಹೇಳುವಾಗ ಒಕ್ಕಲಿಗನ ಮಾತಿನಲ್ಲಿ ಒಂದು ಬಗೆಯ ಅಭಿಮಾನವೂ ಇದ್ದಿರಬೇಕು.

ಹಾಗೆ ಹೇಳಿದವರ ಹೆಸರು ದಿನಚರಿಯಲ್ಲಿ ಬಹುಮಟ್ಟಿಗೆ ಇಲ್ಲ. ಮದ್ದೂರಿನ ಕೆರೆಯ ಹಿಂದೆ ಬತ್ತ ಬೆಳೆದವನಾರು, ಮಳವಳ್ಳಿಯಲ್ಲಿ ಯುದ್ಧದ ಮರುವರ್ಷ ಮತ್ತೆ ನೇಗಿಲು ಹೂಡಿದವನಾರು ಎಂಬುದನ್ನು ನಾವು ಇನ್ನು ತಿಳಿಯಲಾರೆವು. ಬರೆದವನ ಹೆಸರು ಉಳಿಯಿತು, ಹೇಳಿದವನ ಹೆಸರು ಹೋಯಿತು. ಆದರೂ ಆ ಮೂರು ಸಂಪುಟಗಳ ಅರ್ಧ ಕರ್ತೃತ್ವ ಆ ಹೆಸರಿಲ್ಲದವರದೇ. ನಾಲೆಯ ನೀರು ಬಂದು ರಾಗಿಯ ಹೊಲ ಕಬ್ಬಿನ ಗದ್ದೆಯಾದಾಗ ಬಡತನ ಕಡಿಮೆಯಾಯಿತು. ಅದಕ್ಕಾಗಿ ಯಾರೂ ಕಣ್ಣೀರಿಡಬೇಕಾಗಿಲ್ಲ. ಆದರೆ ಹೊಲದ ಜೊತೆಗೆ ಹೋದ ಮಾತುಗಳು, ಕ್ರಮಗಳು, ಅಳತೆಗಳು ಏನೇನೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕಾದದ್ದು ಅಗತ್ಯ. ಈ ಸೀಮೆಯ ವಿದ್ಯಾರ್ಥಿಗಳು ಬೇಸಗೆಯ ಬಿಡುವಿನಲ್ಲಿ ಮನೆಯ ಹಿರಿಯರ ಬಳಿ ಕುಳಿತು, ಅವರು ಉತ್ತಿ ಬಿತ್ತಿದ ಕ್ರಮವನ್ನು ತಾರೀಖು ಹಾಕಿ ಬರೆದುಕೊಳ್ಳಲಿ. ಇಂದು ಕೇಳುವವರಿಗೆ ದುಭಾಷಿಯ ಅಗತ್ಯವಿಲ್ಲ; ಹೇಳುವವರು ಕಂದಾಯಕ್ಕೆ ಅಂಜಬೇಕಾಗಿಯೂ ಇಲ್ಲ. ಬರೆದುಕೊಳ್ಳುವಾಗ ಹೇಳಿದವರ ಹೆಸರನ್ನು ಮೊದಲು ಬರೆಯುವುದನ್ನು ಮಾತ್ರ ಅವರು ಮರೆಯಬಾರದು.